ಮಾಸ್ತರರ ಆಟ

ಸತ್ತವರ ಜಾಣತನವನ್ನು ಮಣಿಯೊಳಗೆ ಹಿಡಿದಿಡುವುದು ರೂಢಿಯಾದ ಮೇಲೆ ಗದಗ ಸೀಮೆಯ ಶಾಲೆಶಾಲೆಗೂ ಚೆಸ್ ಹಬ್ಬಿತು. ಮಣಿಯನ್ನು ಕಿವಿಯ ಹಿಂದೆ ಅಂಟಿಸಿಕೊಂಡರೆ ಸತ್ತವರ ಆಟ ಕೈಗೆ ಬರುತ್ತಿತ್ತು. ಹಾಗಾಗಿ ಪಂದ್ಯಾವಳಿಯ ಬಾಗಿಲಲ್ಲೇ ಮಕ್ಕಳ ಕಿವಿ ನೋಡಿ ಒಳಗೆ ಬಿಡುತ್ತಿದ್ದರು.

ಆದರೂ ತೀರ್ಪುಗಾರ್ತಿ ಕಸ್ತೂರಿ ಟೀಚರಿಗೆ ಅನುಮಾನ ಹೋಗಲಿಲ್ಲ. ಕೊನೆಯ ಸುತ್ತಿನಲ್ಲಿ ರುಬೀನಾ ಎಂಬ ಹುಡುಗಿ ಮಂತ್ರಿಯನ್ನು ಬಿಟ್ಟುಕೊಟ್ಟು, ಕುದುರೆಯಿಂದ ರಾಜನನ್ನು ಮೂಲೆಗೊತ್ತುತ್ತಿದ್ದ ರೀತಿ ಥೇಟ್ ಕಸ್ತೂರಿಯ ಗಂಡ ಈರಣ್ಣ ಮಾಸ್ತರರದೇ. ಮಾಸ್ತರರು ತೀರಿಕೊಂಡ ವಾರದಲ್ಲೇ ಅವರ ಮಣಿ ಮನೆಯಿಂದ ಕಳುವಾಗಿತ್ತು.

ಆಟ ನಿಲ್ಲಿಸಿ ಕಸ್ತೂರಿ ಹುಡುಗಿಯನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಕಿವಿಯ ಹಿಂದಿನ ಕೂದಲಲ್ಲಿ ಮಣಿ ಅಡಗಿದೆಯೇ ಎಂದು ಜಡೆ ಬಿಚ್ಚಿಸಿ ತಡಕಾಡಿದಳು.

"ಮಣಿ ಎಲ್ಲಿಟ್ಟೀಯವಾ?"

"ನನ್ ಕಡೆ ಇಲ್ರಿ ಟೀಚರ್."

"ಮತ್ತ ಈ ಆಟ ಎಲ್ಲಿಂದ ಬಂತು?"

"ಈರಣ್ಣ ಸರ್ ಇದ್ದಾಗ ಶನಿವಾರ ನಮ್ಮ ಸಾಲಿಗೆ ಬಂದು ಕಲಸ್ತಿದ್ರು. ಒಮ್ಮೆನೂ ನನಗ ಗೆಲ್ಲಾಕ ಬಿಡಲಿಲ್ರಿ."

ಶನಿವಾರ ಗಂಡ ಎಲ್ಲಿಗೆ ಹೋಗುತ್ತಿದ್ದರೆಂದು ಕಸ್ತೂರಿಗೆ ತಿಳಿದದ್ದು ಈಗಲೇ. ಹುಡುಗಿ ಕಳ್ಳಿಯಲ್ಲವೆಂದು ಹಗುರಾಗಬೇಕಿದ್ದ ಮನಸ್ಸು ಭಾರವಾಯಿತು. ಗಂಡನದೆಂದು ಉಳಿದಿದ್ದ ಆ ಮಣಿ ಜಡೆಯಲ್ಲಿ ಸಿಕ್ಕೇಬಿಡಲಿ ಎಂದು ಅವಳು ಒಳಗೊಳಗೇ ಹಾರೈಸಿದ್ದಳು.

ಕಸ್ತೂರಿಯೇ ಜಡೆ ಹೆಣೆದು, "ನಂದು ತಪ್ಪಾತವಾ, ಹೋಗಿ ಆಡು," ಎಂದಳು. ಆದರೆ ರುಬೀನಾ ಮುಂದಿನ ನಡೆಯಲ್ಲೇ ಕುದುರೆಯನ್ನು ಸುಮ್ಮನೆ ಕಳೆದುಕೊಂಡಳು. ಸ್ವಲ್ಪ ಹೊತ್ತಿನಲ್ಲೇ ಸೋತಳು.

ಉಳಿದವರೆಲ್ಲ ಎದ್ದುಹೋದ ಮೇಲೆ ಕಸ್ತೂರಿ ಅವಳ ಹತ್ತಿರ ಬಂದಳು. "ನನ್ ಜೋಡಿ ಒಂದಾಟ ಆಡ್ತೀಯೇನು?"

ರುಬೀನಾ ಅವಳ ಮುಖವನ್ನೇ ಅನುಮಾನದಿಂದ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.