ಗಿರಿಜಾಬಾಯಿ ಭೂಮಿ ತುಳಿದದ್ದು

"ಭೂಮಿ ನೋಡಾಕ ಎಲ್ಲಿಗೂ ಹೋಗೂದು ಬ್ಯಾಡ್ರಿ ಆಯಿ. ಇಲ್ಲೇ, ಈ ಕುರ್ಚಿ ಮುಂದ ನಿಂದರ್ರಿ, ಸಾಕು," ಎಂದ ವೈಭವ.

ಗಿರಿಜಾಬಾಯಿ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ದಿಲ್‌ಸುಖ್‌ನಗರದಿಂದ ಎರಡು ಬಸ್ಸು ಬದಲಿಸಿ ಹೈದರಾಬಾದಿನ ಇನ್ನೊಂದು ತುದಿಗಿರುವ ಮೆಹದಿಪಟ್ಟಣಂನ ಈ ಬಾಡಿಗೆ ಮನೆಗೆ ಅವಳು ಬಂದದ್ದು ಚಹಾ ಕುಡಿಯಲಿಕ್ಕಂತೂ ಅಲ್ಲ. ಮೊಮ್ಮಗಳು ಸೌಂದರ್ಯಾ, ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಿದ್ದಳು. ಹುಡುಗನಿಗೆ ಜೀಡಿಮೆಟ್ಲಾದ ಔಷಧಿ ಫ್ಯಾಕ್ಟರಿಯಲ್ಲಿ ನೌಕರಿ. ತನ್ನ ಹೆಸರಿನಲ್ಲಿ ಒಂದು ಪ್ಲಾಟ್ ಇದೆಯೆಂದು ಫೋನಿನಲ್ಲಿ ತಾನೇ ಹೇಳಿದ್ದ. ಭೂಮಿ ಇದೆ ಅಂದ ಮೇಲೆ ಅದನ್ನು ತುಳಿದು ನೋಡಬೇಕು, ಒಂದು ಹಿಡಿ ಮಣ್ಣು ತಂದು ಹುಡುಗಿಯ ಸೆರಗಿನಲ್ಲಿ ಕಟ್ಟಬೇಕು. ಹೂಂ ಅನ್ನುವುದು ಆಮೇಲೆ. ಇಬ್ಬರು ಹೆಣ್ಣುಮಕ್ಕಳನ್ನೂ ಹಾಗೆಯೇ ಕೊಟ್ಟವಳು ಅವಳು.

"ನಮ್ಮಪ್ಪ ತುಳೀಲಿಲ್ಲ," ಎಂದಳು, ಸೋಫಾದಲ್ಲಿದ್ದ ಗಂಡನ ಕಡೆ ಬೆರಳು ಮಾಡಿ. "ಇವರಪ್ಪ ಬಸ್ಸಿನ ಕಿಡಕಿಯಾಗಿಂದ ಕೈ ತೋರಿಸಿ, 'ಅಕ್ಕೋ, ಆ ಬೇವಿನ ಗಿಡದ ತನಕ ನಮ್ದು' ಅಂದ್ರಂತ. ಲಗ್ನ ಆಗಿ ಬಂದು ನೋಡ್ತೀನಿ, ಆ ಗಿಡಾನೂ ಇವರದಲ್ಲ!"

ಅಮೃತಪ್ಪ ಚಹಾದ ಕಪ್ಪಿನೊಳಗೇ ಕೆಮ್ಮಿದ. "ಐವತ್ತು ವರ್ಷ ಆತು. ಈಕಿ ಇನ್ನಾ ಆ ಬಸ್ ಇಳಿದಿಲ್ಲ ನೋಡಪಾ."

ವೈಭವ ಒಳಗಿನಿಂದ ದಪ್ಪನೆಯ ಕನ್ನಡಕದಂಥದೊಂದನ್ನು ತಂದ. "ನನ್ನ ಪ್ಲಾಟ್ ಕಂಪ್ಯೂಟರ್ ಒಳಗಿನ ಒಂದು ಊರಾಗ ಐತ್ರಿ. ದೇಶ ದೇಶದ ಮಂದಿ ಅಲ್ಲಿ ಜಾಗಾ ತಗೊಂಡಾರ. ಇದನ್ನ ಹಾಕ್ಕೊಂಡ್ರ ಕಾಣಸ್ತದ."

"ನಕ್ಕೋ, ಬ್ಯಾಡೇ ಬ್ಯಾಡ! ಆಟದ ಭೂಮಿ ತೋರಿಸಿ ನಮ್ಮ ಹುಡುಗೀನ ಒಯ್ಯಾವನೇನು ನೀ?" ಎಂದಳು ಗಿರಿಜಾಬಾಯಿ. ಪಕ್ಕದಲ್ಲೇ ಕೂತಿದ್ದ ಸೌಂದರ್ಯಾಳ ಮುಖ ಸಣ್ಣದಾಯಿತು. ಅದನ್ನು ಕಂಡು ಮುದುಕಿ ಎದ್ದು, ಹೊಲಕ್ಕಿಳಿಯುವವಳಂತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಆಗಲಿ, ಹಾಕು. ತುಳೀತೀನಿ ಅಂತ ಬಂದಾಕಿ ನಾನೇ."

ಹುಡುಗ ಪಟ್ಟಿ ಬಿಗಿದ. ಕೋಣೆ ಹೋಯಿತು. ಸೋಫಾ, ಗಂಡ, ಕೆಳಗಿನ ಬಸ್ಸುಗಳ ಹಾರನ್ನು, ಎಲ್ಲ ಹೋದವು. ಅವಳು ಒಂದು ಗುಡ್ಡದ ನೆತ್ತಿಯ ಮೇಲೆ ನಿಂತಿದ್ದಳು. ಸುತ್ತ ಮೊಣಕಾಲೆತ್ತರದ ಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು. ಕೆಳಗೆ ಕಣ್ಣು ಹಾಯುವಷ್ಟೂ ನೀರು. ಆಕಾಶದಲ್ಲಿ ಎರಡು ಚಂದ್ರ, ಒಂದು ಹುಟ್ಟುತ್ತಿತ್ತು, ಇನ್ನೊಂದು ಮುಳುಗುತ್ತಿತ್ತು.

"ಯವ್ವಾ... ಎಲ್ಲಿಗೆ ತಂದು ನಿಲ್ಲಿಸಿದ್ಯೋ ನನ್ನ!" ಬಗ್ಗಿ ನೋಡಿದಳು. "ಏ, ನನ್ನ ಕಾಲೇ ಇಲ್ಲೋ!" ಕೈ ಎತ್ತಿದರೆ ನೀಲಿ ಬಣ್ಣದ ಕೈ, ಎಣ್ಣೆ ಹಚ್ಚಿದಂತೆ ನುಣ್ಣಗೆ, ಒಂದು ಸುಕ್ಕೂ ಇಲ್ಲ. "ನನ್ನ ಕೈಯಾಗಿನ ಬಳಿ ಎಲ್ಲಿ ಹೋದುವು?"

"ನಾ ಇಲ್ಲೇ ಗಟ್ಟಿಮುಟ್ಟ ಇದ್ದೀನಿ, ಗಾಬರಿ ಆಗಬ್ಯಾಡ," ಎಂಬ ಅಮೃತಪ್ಪನ ದನಿ ಎಲ್ಲಿಂದಲೋ ಬಂತು.

ಒಂದೊಂದೇ ಹೆಜ್ಜೆ ಇಟ್ಟಳು. ಸೌಂದರ್ಯಾ ಅವಳ ಮೊಣಕೈ ಹಿಡಿದುಕೊಂಡಳು. "ಗಡಿ ಎಲ್ಲಿ ತನಕ?" ಎಂದು ಮುದುಕಿ ಕೇಳಿದಳು.

"ಆ ಮಿಂಚೋ ಗೆರಿ ತನಕ ರೀ. ಆಚೆಗಿನ ಗೋಪುರ ಬ್ರೆಜಿಲ್ ದೇಶದಾವಂದು."

"ಪಹಣಿ?"

ಗಾಳಿಯಲ್ಲಿ ಚಿನ್ನದ ಅಕ್ಷರಗಳು ಮೂಡಿದವು. "ನನ್ನ ಹೆಸರ್ರಿ. ಜಗತ್ತಿನ ಯಾರು ಬೇಕಾದ್ರೂ ನೋಡಬಹುದು. ಯಾರಿಗೂ ಅಳಿಸಾಕ ಬರಂಗಿಲ್ಲ."

"ಪಟವಾರಿಗೆ ರೊಕ್ಕ ಕೊಟ್ರೂ?"

"ಅಲ್ಲಿ ಪಟವಾರೀನೇ ಇಲ್ರಿ."

ಪಹಣಿ ಬರೆಯುವ ಪಟವಾರಿಯೇ ಇಲ್ಲದ ಭೂಮಿ! ಗಿರಿಜಾಬಾಯಿಗೆ ಎರಡು ಚಂದ್ರಗಳಿಗಿಂತ ಇದೇ ದೊಡ್ಡದಾಗಿ ಕಂಡಿತು. "ಎಷ್ಟು ಕೊಟ್ಟಿ?"

"ಆರು ಲಕ್ಷ."

"ಇವತ್ತು ಮಾರಿದ್ರ?"

ಮೊಣಕೈ ಮೇಲಿನ ಮೊಮ್ಮಗಳ ಹಿಡಿತ ಬಿಗಿಯಾಯಿತು. ಹುಡುಗ ತಡವರಿಸಿ ಹೇಳಿದ: "ನಲವತ್ತು ಸಾವಿರ ಬಂದ್ರ ಭಾಳ ಆತ್ರಿ. ಆ ವರ್ಷ ಎಲ್ಲಾರೂ ತಗೊಳ್ಳಾಕತ್ತಿದ್ರು, ನಾನೂ ತಗೊಂಡೆ. ನಾಳೆ ಈ ಊರು ನಡಸೂ ಕಂಪನಿ ಬಾಗಲಾ ಹಾಕಿದ್ರ ಹೆಸರು ನಂದೇ ಇರ್ತದ, ಈ ಗುಡ್ಡ ಇರಂಗಿಲ್ಲ. ಫೋನಿನ್ಯಾಗ ಹೇಳಾಕ ನಾಚಿಕಿ ಆತ್ರಿ."

"ಮತ್ತ ಯಾಕ ಇಟ್ಕೊಂಡಿ?"

"ಡ್ಯೂಟಿ ಮುಗಿಸಿ ಬಂದು ಇಲ್ಲಿ ಸುಮ್ನ ಕುಂದರ್ತೀನ್ರಿ ಆಯಿ. ಹೈದರಾಬಾದಿನ್ಯಾಗ ಇಷ್ಟು ಆಕಾಶ ನನಗ ಯಾರು ಕೊಡ್ತಾರ?"

ಗಿರಿಜಾಬಾಯಿ ತಲೆ ಎತ್ತಿ ಆ ಆಕಾಶವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಹಳೆಯ ಚಂದ್ರ ಪೂರ್ತಿ ಮುಳುಗಿ, ನೀರಿನ ತುಂಬ ಹೊಸ ಬೆಳಕು ಹರಡಿತು.

"ಇವರಪ್ಪನ ಬಾಯಾಗ ಇಷ್ಟು ಖರೇ ಬಂದಿದ್ರ," ಎಂದಳು ಕೊನೆಗೆ, "ನಾ ಆ ಬಸ್ ಎಂದೋ ಇಳೀತಿದ್ದೆ."

"ಈಗಾರ ಇಳಿಯೇ," ಎಂದ ಅಮೃತಪ್ಪ, ಮೆಲ್ಲಗೆ.

ಅವಳು ಮೊಣಕಾಲೂರಿ ಕೂತು, ಹುಲ್ಲಿನ ಬುಡಕ್ಕೆ ಆ ನೀಲಿ ಕೈ ಚಾಚಿ ಮುಷ್ಟಿ ಬಿಗಿದಳು. ವೈಭವ ಕನ್ನಡಕ ತೆಗೆದ. ಕೂದಲು ಕೆದರಿತ್ತು, ಕೈಗೆ ಸುಕ್ಕೂ ಬಳೆಯೂ ಮರಳಿ ಬಂದಿದ್ದವು, ಕಿಟಕಿಯಲ್ಲಿ ಮತ್ತೆ ಹಾರನ್ನು. ಮುಷ್ಟಿ ಮಾತ್ರ ಬಿಡಲಿಲ್ಲ. ಸೌಂದರ್ಯಾ ಎದುರಿಗೆ ಕೂತು ಸೆರಗೊಡ್ಡಿದಳು. ಮುದುಕಿ ಅದರ ಮೇಲೆ ಕೈ ಬಿಚ್ಚಿ, ಅಂಗೈ ಕೊಡವಿದಳು. ಹುಡುಗಿ ಉಸಿರು ಬಿಗಿಹಿಡಿದು, ಒಂದು ಕಣವೂ ಚೆಲ್ಲದಂತೆ ಸೆರಗಿನ ತುದಿ ಮಡಚಿ ಎರಡು ಗಂಟು ಹಾಕಿದಳು.