ಕಿರುಬೆರಳಿನ ಸಾಕ್ಷಿ

ಡಾಕ್ಟರಮ್ಮ ರಬ್ಬರ್ ಸುತ್ತಿಗೆಯಿಂದ ಮಂಡಿಯ ಕೆಳಗೆ ಟಕ್ಕನೆ ತಟ್ಟಿದ್ದೇ ತಡ, ದರ್ಜಿ ಮಾಸ್ಟರ ಬಲಗಾಲು ಚಂಗನೆ ಹಾರಿ ಎದುರಿಗಿದ್ದ ಕಸದ ಬುಟ್ಟಿಯನ್ನು ಗೋಡೆಯವರೆಗೂ ಅಟ್ಟಿತು.

"ನಾನು ಒದೀಲಿಲ್ಲ ಡಾಕ್ಟ್ರೇ, ಅದೇ ಒದೀತು!" ಎಂದು ಮಾಸ್ಟರು ಕಕ್ಕಾಬಿಕ್ಕಿಯಾಗಿ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಒದೀಬೇಕು ಮಾಸ್ಟ್ರೇ. ಇದಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ. ಸುದ್ದಿ ಬೆನ್ನುಹುರಿಗೆ ಹೋಗುತ್ತೆ, ಅಲ್ಲಿಂದಲೇ ಹುಕುಂ ಹೊರಡುತ್ತೆ. ಮೆದುಳಿಗೆ ಗೊತ್ತಾಗೋದು ಆಮೇಲೆ."

"ಹಾಗನ್ನಿ. ನಮ್ಮನೇಲೂ ಅದೇ ಪದ್ಧತಿ." ಮಾಸ್ಟರು ಪಕ್ಕದ ಕುರ್ಚಿಯಲ್ಲಿದ್ದ ಹೆಂಡತಿಯ ಕಡೆ ಹುಬ್ಬು ಹಾರಿಸಿದರು. "ತೀರ್ಮಾನ ಎಲ್ಲಾ ಆದಮೇಲೆ ನನಗೆ ಸುದ್ದಿ."

"ಕಾಲಿಗೇನಾಗಿದೆ ಇವರಿಗೆ, ಕೈ ನೋಡಿ ಡಾಕ್ಟ್ರೇ," ಎಂದಳು ಹೆಂಡತಿ. "ಇಸ್ತ್ರಿ ಪೆಟ್ಟಿಗೆ ಕಾದಿದೆಯಾ ಅಂತ ಇವರು ತೋರುಬೆರಳು ಒದ್ದೆ ಮಾಡಿ ಮುಟ್ಟಿ ನೋಡೋರು. ಅಂಗಡಿ ಇಟ್ಟಾಗಿಂದ ಅದೇ ಥರ್ಮಾಮೀಟರು. ಮೊನ್ನೆ ಮುಟ್ಟಿ, ಇನ್ನೂ ಕಾದಿಲ್ಲ ಅಂದ್ರು. ಗಿರಾಕಿಯ ಹೊಸ ಕೋಟಿನ ಬೆನ್ನ ಮೇಲೆ ಪೆಟ್ಟಿಗೆ ಅಚ್ಚು ಬಿತ್ತು. ಬೆರಳಲ್ಲಿ ಗುಳ್ಳೆ ಎದ್ದಿದ್ದನ್ನೂ ನಾನೇ ತೋರಿಸ್ಬೇಕಾಯ್ತು."

"ಬಟ್ಟೆ ಸರಿ ಇರಲಿಲ್ಲ," ಎಂದು ಗೊಣಗಿದರು ಮಾಸ್ಟರು. ಅವರು ಬಂದಿದ್ದೇ ಡಾಕ್ಟರ ಬಾಯಿಂದ "ಏನೂ ಇಲ್ಲ" ಅನ್ನಿಸಿಕೊಂಡು, ಬೇಗ ಹೋಗಿ ಕಟಿಂಗ್ ಮೇಜಿನ ಮುಂದೆ ನಿಲ್ಲಲಿಕ್ಕೆ. ಕತ್ತರಿ ಕೆಳಗಿಡಿ ಎಂದುಬಿಟ್ಟರೆ ಎನ್ನುವ ಭಯಕ್ಕೆ ಎರಡು ದಿನದಿಂದ ಅವರಿಗೆ ಊಟ ಸೇರುತ್ತಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿರಲಿಲ್ಲ.

ಡಾಕ್ಟರಮ್ಮ ಮಣಿಕಟ್ಟನ್ನು ಒತ್ತಿ ನೋಡಿದರು. "ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರ ಸುದ್ದಿ ತರೋ ನರ ಇಲ್ಲಿ ಇಕ್ಕಟ್ಟಾದ ಸಂದಿಯಲ್ಲಿ ನುಸುಳಿ ಬರಬೇಕು. ಕತ್ತರಿ ಒತ್ತಿ ಒತ್ತಿ ಅದು ನಲುಗಿರಬಹುದು. ಈಗಲೇ ಗೊತ್ತಾದರೆ ಸಣ್ಣ ಆಪರೇಷನ್ ಮಾಡಿ ಬಿಡಿಸಬಹುದು. ತಡ ಮಾಡಿದರೆ ನರ ಸತ್ತೇ ಹೋಗುತ್ತೆ. ಕಿರುಬೆರಳಿಗೆ ತೊಂದರೆ ಇರಲ್ಲ, ಅದರ ದಾರಿ ಬೇರೆ."

"ಅದಕ್ಕೊಂದು ಬೇರೆ ದಾರಿ ಬೇರೆ ಕೇಡು! ಅದು ಮಾಡೋ ಕೆಲಸ ಅಷ್ಟರಲ್ಲೇ ಇದೆ," ಎಂದರು ಮಾಸ್ಟರು.

"ಕಣ್ಣು ಮುಚ್ಚಿ. ಹತ್ತಿಯಿಂದ ಯಾವ ಬೆರಳನ್ನು ಮುಟ್ಟಿದೆ ಅಂತ ಹೇಳಿ."

ಮಾಸ್ಟರು ಪಟಪಟನೆ ಹೇಳಿದರು. ಹೆಬ್ಬೆರಳು. ನಡುಬೆರಳು. ಮತ್ತೆ ಹೆಬ್ಬೆರಳು. ತೋರುಬೆರಳು. ಒಂದೂ ತಪ್ಪಲಿಲ್ಲ. ಡಾಕ್ಟರಮ್ಮ ಆಶ್ಚರ್ಯದಿಂದ ಪೆನ್ನು ಕೈಗೆತ್ತಿಕೊಂಡರು.

"ಸ್ವಲ್ಪ ತಡೀರಿ ಡಾಕ್ಟ್ರೇ. ಇವರು ಕಣ್ಣು ಮುಚ್ಚಿದ್ರು ಅಂತ ನಂಬಿಬಿಟ್ರಾ?" ಹೆಂಡತಿ ಎದ್ದಳು. ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗಿರಾಕಿಗಳ ನಿಜವಾದ ಸೊಂಟವನ್ನು ರೆಪ್ಪೆಯ ಸಂದಿಯಿಂದಲೇ ಅಳೆದು ಪಳಗಿದ ಕಣ್ಣು ಮಾಸ್ಟರದು. ಅವಳು ಗಂಡನ ಹೆಗಲ ಮೇಲಿದ್ದ ಟವೆಲ್ಲನ್ನು ಮೂರು ಮಡಿಕೆ ಮಾಡಿ, ಕಣ್ಣಿಗೆ ಸುತ್ತಿ, ಹಿಂದೆ ಗಂಟು ಹಾಕಿ ಬಿಗಿದಳು. ಅಂಗಡಿಯ ಗುಂಡಿಗಳನ್ನೆಲ್ಲ ಹೊಲಿಯುವವಳು ಅವಳೇ. ಅವಳು ಹಾಕಿದ ಗಂಟು ಬಿಚ್ಚಿಕೊಂಡದ್ದನ್ನು ಮಾಸ್ಟರು ಈವರೆಗೆ ಕಂಡಿರಲಿಲ್ಲ.

"ಇನ್ನೇನು, ಗಲ್ಲಿಗೇರಿಸ್ತೀರಾ? ಸರಿ, ಶುರು ಮಾಡಿ," ಎಂದು ಮಾಸ್ಟರು ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟರು.

ಯಾರೂ ಏನೂ ಮಾಡಿದಂತೆ ಮಾಸ್ಟರಿಗೆ ಅನ್ನಿಸಲಿಲ್ಲ. ಗೋಡೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಹೊರಗೆ ಯಾರೋ ಗಾಲಿ ಕುರ್ಚಿ ತಳ್ಳಿಕೊಂಡು ಹೋದರು.

"ಏನು ಡಾಕ್ಟ್ರೇ, ಕಾಫಿಗೆ ಹೊರಟುಬಿಟ್ರಾ? ಅಂಗಡಿಯಲ್ಲಿ ಜನ ಕಾಯ್ತಿರ್ತಾರೆ."

ಮಾಸ್ಟರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಮುಖವನ್ನು ಹೆಂಡತಿಯ ಕುರ್ಚಿಯತ್ತ ತಿರುಗಿಸಿದರು.

"ಲೇ... ಇದೀಯೇನೇ?"

ಆಗ ಕಿರುಬೆರಳ ಪಕ್ಕಕ್ಕೆ ಏನೋ ಮೆಲ್ಲಗೆ ತಾಗಿತು. ಸೂಜಿ ಚುಚ್ಚಿ ಚುಚ್ಚಿ ದೊರಗಾದ ಬೆರಳ ತುದಿ. ಕತ್ತರಿಯ ಹೊರಗೆ ಸೆಟೆದು ನಿಲ್ಲುವುದರ ಹೊರತು ಜನ್ಮದಲ್ಲಿ ಇನ್ನೊಂದು ಕೆಲಸ ಮಾಡದ ಕಿರುಬೆರಳು ಆ ಕೈಯನ್ನು ತಟ್ಟನೆ ಗುರುತು ಹಿಡಿಯಿತು.

"ಸಿಕ್ಕಿಬಿದ್ಯಲ್ಲ!" ಮಾಸ್ಟರು ಗೆದ್ದವರಂತೆ ನಕ್ಕರು. "ಇದು ಡಾಕ್ಟರ ಕೈಯಲ್ಲ, ನಿನ್ನ ಕೈ. ಈಗ ತಾನೇ ಬಂದು ಮುಟ್ಟಿದೆ, ಹೌದೋ ಅಲ್ಲವೋ?"

"ಈಗಲ್ಲರೀ." ಹೆಂಡತಿಯ ದನಿ ತೀರ ಹತ್ತಿರದಲ್ಲಿ, ಸಣ್ಣಗೆ ಕೇಳಿಸಿತು. "ನೀವು ಕೈ ಮೇಜಿನ ಮೇಲಿಟ್ಟಾಗಿಂದ ಆ ಮೂರು ಬೆರಳನ್ನೂ ಹಿಡ್ಕೊಂಡೇ ಕೂತಿದೀನಿ."