ಹಕ್ಕಿ ಕಪ್ಪು

ಹೆಟ್ಟಿ ಗಂಡನಿಗೆ ಚಹಾ ತಂದು ಮಂಚದ ಪಕ್ಕದಲ್ಲಿಟ್ಟಳು. ಜೇಬೆಜ್ ಚಾಚಿದ ಕೈಯನ್ನು ಅಲ್ಲೇ ನಿಲ್ಲಿಸಿದ. ಬಂದದ್ದು ಅವನ ಎಂದಿನ ದಪ್ಪ ಮಗ್ಗು ಅಲ್ಲ, ಹಕ್ಕಿ ಕಪ್ಪು.

"ಪಾದ್ರಿ ಬಂದಿದಾರಾ?"

"ಇಲ್ಲಪ್ಪ."

"ಹಾಗಾದ್ರೆ ಯಾರು ಸತ್ರು?"

ಕೇಳಿದ್ದರಲ್ಲಿ ತಪ್ಪೇನಿಲ್ಲ. ಯಾವ ದೇಶದ ಆಕಾಶದಲ್ಲೂ ಹಾರದ, ನೀಲಿ ಬಾಲದ, ಬಂಗಾರದ ಕೊಕ್ಕಿನ ಹಕ್ಕಿಗಳನ್ನು ಬರೆದ ಆ ಪಿಂಗಾಣಿ ಕಪ್ಪುಗಳು ಹೆಟ್ಟಿಯ ಮುತ್ತಜ್ಜಿಯ ಕಾಲದವು. ಪಿಂಗಾಣಿ ಕಾರ್ಖಾನೆಗಳ ಊರಾದ ಬರ್ಸ್ಲೆಮ್ಮಿನ ಆ ಬೀದಿಯಲ್ಲಿ ಎಲ್ಲರ ಮನೆಯ ಕಟ್ಟಳೆಯೂ ಒಂದೇ: ಒಳ್ಳೇ ಕಪ್ಪು ಗಾಜಿನ ಬೀರುವಿನಿಂದ ಇಳಿಯುವುದು ಪಾದ್ರಿಗೆ, ಇಲ್ಲವೇ ಮಣ್ಣು ಮಾಡಿ ಬಂದವರಿಗೆ. ಮನೆಯವರ ತುಟಿಗಲ್ಲ.

"ನಿನ್ನ ಮಗ್ಗು ತೊಳೆದಿರ್ಲಿಲ್ಲ," ಎಂದಳು ಹೆಟ್ಟಿ.

"ನಿನ್ನ ಅಡುಗೆಮನೇಲಿ? ತೊಳೀದೇ ಇರೋ ಮಗ್ಗು? ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳೇ, ಮಾರಾಯ್ತಿ."

ಹೆಟ್ಟಿ ಸರಿಯಾಗೇ ಇದ್ದ ಕಂಬಳಿಯನ್ನು ಇನ್ನೊಮ್ಮೆ ಸರಿಮಾಡಿದಳು. ಅವನು ಈಸ್ಟರ್ ಹಬ್ಬದವರೆಗೆ ಉಳಿಯುವುದು ಕಷ್ಟ ಅಂತ ಡಾಕ್ಟರು ಬೆಳಿಗ್ಗೆ ಬಾಗಿಲಲ್ಲಿ ಪಿಸುಗುಟ್ಟಿ ಹೋಗಿದ್ದರು. ಗಂಡನಿಗೆ ಹೇಳಬಾರದು ಅಂತ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬೀರು ತೆಗೆದಾಗ, ಇನ್ನು ಯಾರಿಗಂತ ಎತ್ತಿಡೋದು ಅನ್ನಿಸಿತ್ತು, ಅಷ್ಟೇ. ಬಾಯಿ ಗುಟ್ಟು ಕಾದಿತ್ತು, ಕೈ ಹೇಳಿಬಿಟ್ಟಿತ್ತು.

"ಡಾಕ್ಟರು ಬಾಗಿಲ ಹತ್ರ ಬಹಳ ಹೊತ್ತು ನಿಂತಿದ್ರು."

"ಮಳೆ ಬರ್ತಿತ್ತಲ್ಲ."

"ಹೂಂ, ಮಳೆ."

ಮುಂದೆ ಅವನು ಕೆದಕಲಿಲ್ಲ. ಇಂಥ ಪಿಂಗಾಣಿಯನ್ನು ಜೀವಮಾನವಿಡೀ ತಲೆ ಮೇಲೆ ಹೊತ್ತು ಕಾರ್ಖಾನೆಯ ಭಟ್ಟಿಯಲ್ಲಿ ಸುಡಲು ಪೇರಿಸಿದವನು, ಒಂದರಲ್ಲೂ ಗುಟುಕು ಕುಡಿದವನಲ್ಲ. ಕಪ್ಪಿನ ಪುಟ್ಟ ಹಿಡಿಯೊಳಗೆ ಅವನ ಬೆರಳು ತೂರಲಿಲ್ಲ. ಎರಡೂ ಕೈಯಲ್ಲಿ ಕಪ್ಪನ್ನು ಬಾಚಿ ಹಿಡಿದ.

"ಒಡೆದ್ರೆ ನಿನ್ನ ಮುತ್ತಜ್ಜಿ ಗೋರಿಯಿಂದ ಎದ್ದು ಬರ್ತಾಳೆ."

"ಬರ್ಲಿ. ಅವಳಿಗೂ ಒಂದು ಕಪ್ಪು ಹಾಕ್ಕೊಡ್ತೀನಿ."

ನಗು ಬಂದು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಅವನು ಅವಸರವಿಲ್ಲದೆ ಕಡೆಯ ಹನಿಯವರೆಗೂ ಕುಡಿದ. ಆಮೇಲೆ ಕಪ್ಪನ್ನು ಕಿಟಕಿಯ ಬೆಳಕಿಗೆ ವಾಲಿಸಿದ.

"ಹೆಟ್ಟಿ! ತಳದಲ್ಲೂ ಒಂದು ಹಕ್ಕಿ ಕೂತಿದೆ ಕಣೇ!"

"ಹೂಂ, ಪುಟ್ಟದು."

ಖಾಲಿ ಕಪ್ಪನ್ನು ಅವನು ಅವಳತ್ತ ಚಾಚಿದ.

"ಇನ್ನೊಂದ್ಸಲ ಹುಯ್ಯಿ. ಹಾಲು ಜಾಸ್ತಿ ಹಾಕು. ಹಕ್ಕಿ ಪೂರ್ತಿ ಮುಳುಗಿ, ಮತ್ತೆ ಮೇಲೆ ಬರೋದನ್ನ ನೋಡ್ಬೇಕು."